ರೊಟ್ಟಿ ಕೇಂದ್ರದ ಸೂರು ಮತ್ತು ನಾನು

ನನ್ನನ್ನು ಮೊದಲ ಸಲ ನೋಡಿದವರು ಶಾಲೆಯ ಪಾಟಿ ಎಂದುಕೊಳ್ಳುತ್ತಾರೆ. ಅಗಲ ಅಷ್ಟೇ, ಬಣ್ಣವೂ ಅದೇ ಕಪ್ಪು. ಆದರೆ ನಾನು ಪಾಟಿಯಲ್ಲ, ಟ್ಯಾಬ್ಲೆಟ್. ಪಾಟಿ ಬರೆದದ್ದನ್ನು ಸುಮ್ಮನೆ ಇಟ್ಟುಕೊಳ್ಳುತ್ತದೆ. ನಾನು ಪ್ರಶ್ನೆ ಕೇಳುತ್ತೇನೆ, ಉತ್ತರ ಸಿಗುವವರೆಗೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ನನ್ನದು ಚಾರ್ಜರ್ ಕಿತ್ತರೂ ಹೋಗದು.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಒಂದೇ ದಿನ ನನ್ನಂಥವರು ಸಾವಿರಾರು ಮಂದಿ ಹುಟ್ಟಿದ್ದರಿಂದ ತೊಟ್ಟಿಲು, ನಾಮಕರಣ ಏನೂ ಆಗಲಿಲ್ಲ. ಬೆನ್ನಿಗೊಂದು ನಂಬರು ಅಂಟಿಸಿ ಡಬ್ಬಿಗೆ ಹಾಕಿದರು. ನನ್ನ ಒಡಹುಟ್ಟಿದವರಲ್ಲಿ ಹೆಚ್ಚಿನವರು ಸಿನಿಮಾ ತೋರಿಸುವ ಸುಖದ ನೌಕರಿಗೆ ಹೋದರು. ನನ್ನನ್ನು ಹುಬ್ಬಳ್ಳಿಯ ಒಂದು ಸರ್ವೆ ಕಂಪನಿ ಕೊಂಡು, ತಲೆಗೆ ಒಂದೇ ಒಂದು ತಂತ್ರಾಂಶ ತುಂಬಿತು. ಕಟ್ಟಡದಲ್ಲಿ ಕಲ್ನಾರು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಅದರಿಂದ ಯಾರಿಗೆ ಎಷ್ಟು ಅಪಾಯ ಎಂದು ಕೇಳಿ ಕೇಳಿ ಅಂಕ ಕೊಡುವುದು ನನ್ನ ಕಸುಬಾಯಿತು.

ಕಲ್ನಾರು ಎಂದರೆ ಕಲ್ಲಿನ ನಾರು. ಜನ ಸಿಮೆಂಟ್ ಪತ್ರಾಸು ಎನ್ನುವ ಬೂದು ಬಣ್ಣದ ಶೀಟಿನೊಳಗೆ ಅದು ಇರುತ್ತದೆ. ಶೀಟು ಇಡಿಯಾಗಿದ್ದಾಗ ಸಾಧು. ಕೊರೆದರೆ, ತಿಕ್ಕಿದರೆ, ಒಣಗಿದ್ದಾಗ ಮುರಿದರೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಗಾಳಿಗೆ ಏಳುತ್ತದೆ. ಉಸಿರಿನೊಂದಿಗೆ ಎದೆಗೆ ಇಳಿದದ್ದು ಅಲ್ಲೇ ಬೀಡುಬಿಡುತ್ತದೆ, ಇಪ್ಪತ್ತು ಮೂವತ್ತು ವರ್ಷದ ಮೇಲೆ ಕಾಯಿಲೆಯಾಗಿ ಏಳುತ್ತದೆ. ಇರಲಾರದೆ ಇರುವೆ ಬಿಟ್ಟುಕೊಳ್ಳಬೇಡಿ ಎಂಬ ಗಾದೆಯನ್ನು ಯಾರೋ ಈ ಶೀಟಿಗೆಂದೇ ಮಾಡಿರಬೇಕು.

ನನ್ನ ಮೊದಲ ಒಡೆಯ ಕಟ್ಟಿಯವರು. ಒಳ್ಳೆಯ ಮನುಷ್ಯ, ಆದರೆ ಏಣಿ ಕಂಡರೆ ಆಗದು. ಕಟ್ಟಡದ ಎದುರಿನ ಹೋಟೆಲಿನಲ್ಲಿ ಕೂತು, ಮಿರ್ಚಿ ಭಜಿಯ ಎಣ್ಣೆಬೆರಳಿನಿಂದ ನನ್ನ ಮುಖದ ಮೇಲೆ ‘ಉತ್ತಮ’, ‘ಉತ್ತಮ’, ‘ಉತ್ತಮ’ ಎಂದು ಒತ್ತುತ್ತಿದ್ದರು. ಉತ್ತರ ಬಂದ ಮೇಲೆ ನಾನು ಏನು ಮಾಡಲಿ? ಬಾಯಿ ಮುಚ್ಚಿಕೊಂಡು ಹಸಿರು ತೋರಿಸುತ್ತಿದ್ದೆ, ಒಳಗೊಳಗೇ ನಾಚುತ್ತಿದ್ದೆ. ಒಮ್ಮೆ ಹನ್ನೆರಡು ಗೋದಾಮುಗಳಿಗೆ ಒಂದೇ ಫೋಟೋ ಹಾಕಿದರು. ಹನ್ನೆರಡರ ಸೂರಿನ ಮೇಲೂ ಅದೇ ಕಾಗೆ, ಅದೇ ಕಡೆಗೆ ಕತ್ತು ತಿರುಗಿಸಿ ಕೂತಿತ್ತು. ಮ್ಯಾನೇಜರು ಕಾಗೆಯನ್ನು ಎಣಿಸಿ, ಕಟ್ಟಿಯವರನ್ನು ಆಫೀಸಿನ ಕುರ್ಚಿಗೆ ಕಳಿಸಿದರು, ನನ್ನನ್ನು ತನುಜಾ ಕಮ್ಮಾರಳ ಕೈಗೆ ಕೊಟ್ಟರು.

ಆಹಾ, ತನುಜಾ! ಮೊದಲ ದಿನವೇ ನನ್ನ ಮುಖದ ಎಣ್ಣೆ ಒರೆಸಿದಳು. ಏಣಿಯನ್ನು ತಾನೇ ಹೊರುತ್ತಿದ್ದಳು, ಮಾಸ್ಕು ಹಾಕಿ ಹತ್ತುತ್ತಿದ್ದಳು. ನಾನು ಇಪ್ಪತ್ತು ಪ್ರಶ್ನೆ ಕೇಳಿದರೆ ಇಪ್ಪತ್ತಕ್ಕೂ ನೋಡಿಯೇ ಉತ್ತರ. ‘ನಮ್ಮತ್ತೀನೂ ಇಷ್ಟ ಕೇಳೂದಿಲ್ಲವಾ’ ಎಂದು ನನಗೆ ಬೈಯುತ್ತಲೇ ಒತ್ತುತ್ತಿದ್ದಳು. ಬೈಗುಳವೂ ಇಷ್ಟು ರುಚಿ ಎಂದು ನನಗೆ ಗೊತ್ತಿರಲಿಲ್ಲ.

ಅವಳೊಂದಿಗೆ ಹೋದ ಊರುಗಳಲ್ಲಿ ನಾನು ಮರೆಯದ್ದು ಗದಗದ ಫಕೀರವ್ವನ ರೊಟ್ಟಿ ಕೇಂದ್ರ. ಒಂದು ಟ್ರಸ್ಟಿಗೆ ಸೇರಿದ ಹಳೆಯ ಹತ್ತಿ ಗೋದಾಮಿನಲ್ಲಿ ಫಕೀರವ್ವ ಒಂಬತ್ತು ವರ್ಷದ ಹಿಂದೆ ಒಂದೇ ಒಲೆ ಹೂಡಿದ್ದಳು. ಈಗ ಅಲ್ಲಿ ಹದಿನಾಲ್ಕು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಟ್ರಸ್ಟು ತನ್ನ ಕಟ್ಟಡಗಳನ್ನೆಲ್ಲ ಸರ್ವೆ ಮಾಡಿಸಲು ಹೊರಟಿತ್ತು. ಅದರ ಗುಮಾಸ್ತ ಅಡಿವೆಪ್ಪ ವಾರದ ಮೊದಲೇ ಬಂದು ಹೇಳಿಹೋಗಿದ್ದ: ‘ಹಸರು, ಹಳದಿ ಬಂದ್ರ ಇರ್ರಿ. ಕೆಂಪು ಬಂತಂದ್ರ ಬೀಗ.’

ನಾವು ಬೆಳಿಗ್ಗೆ ಎಂಟಕ್ಕೆ ಹೋದಾಗ ಒಳಗೆ ಹಬ್ಬದ ಸಡಗರ. ಬಾಗಿಲಿಗೆ ರಂಗೋಲಿ. ಒಲೆಗಳಿಗೆ ಹೊಸ ಸಾರಣೆ. ಸಾಹೇಬರು ಸೂರು ನೋಡಲು ಬರುತ್ತಾರೆ, ಸೂರು ಹೊಲಸಾಗಿದ್ದರೆ ಏನಂದುಕೊಂಡಾರು? ಇಬ್ಬರು ಹೆಂಗಸರು ಏಣಿ ಹತ್ತಿ, ಪಾತ್ರೆ ತಿಕ್ಕುವ ತಂತಿ ಬ್ರಷ್ಷಿನಿಂದ ಒಳಗಿನಿಂದ ಶೀಟುಗಳನ್ನು ಗಸಗಸ ತಿಕ್ಕಲು ಹತ್ತಿದ್ದರು. ಬೂದುಪುಡಿ ಉದುರುತ್ತಿತ್ತು. ಬೀಗರು ಬರುವ ಮುಂಚೆ ಮನೆ ತೊಳೆಯುವ ಜನ, ಪಾಪ, ಅಪಾಯವನ್ನೇ ತೊಳೆಯಲು ಹೊರಟಿದ್ದರು.

‘ನಿಲ್ಲಸ್ರಿ! ತಿಕ್ಕಬ್ಯಾಡ್ರಿ! ಎಲ್ಲಾರೂ ಹೊರಗ ಬರ್ರಿ!’ ಎಂದು ತನುಜಾ ಬಾಗಿಲಲ್ಲೇ ಕೂಗಿದಳು.

ಫಕೀರವ್ವನಿಗೆ ಕೆಟ್ಟದೆನಿಸಿತು. ‘ನೀ ಬರ್ತೀ ಅಂತ ಸ್ವಚ್ಛ ಮಾಡಾಕತ್ತೀವಿ ತಂಗಿ. ಸ್ವಚ್ಛ ಮಾಡಿದ್ರ ಬೈತಾರೇನ?’

ತನುಜಾ ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂರಿಸಿ, ಆ ಪುಡಿಯೊಳಗೆ ಏನಿದೆ ಎಂದು ಬಿಡಿಸಿ ಹೇಳಿದಳು. ಆಮೇಲೆ ಮಾಸ್ಕು ಬಿಗಿದುಕೊಂಡು, ನನ್ನನ್ನು ಹಿಡಿದು ಒಳಗೆ ನಡೆದಳು. ತಿಕ್ಕಿದ್ದು ಒಂದೂವರೆ ಶೀಟು. ಚೀಲ ತೂಗುಹಾಕಲು ಮೊಳೆ ಹೊಡೆದ ತೂತುಗಳು ಒಂಬತ್ತು. ನನ್ನ ಅಂಕ ಏರುತ್ತಿತ್ತು, ಆದರೂ ಇನ್ನೂ ಹಳದಿಯಲ್ಲೇ ಇದ್ದೆ. ಆಗ ಮೂಲೆಯ ಕಟ್ಟೆಯ ಮೇಲೆ ಕಂಡವು, ಎರಡು ಮುರುಕು ಶೀಟು. ಹಿಂದಿನ ವರ್ಷ ಗಾಳಿಗೆ ಮುರಿದುಬಿದ್ದಿದ್ದವಂತೆ. ಚೆಲ್ಲುವುದೇಕೆ ಎಂದು ಅವುಗಳ ಮೇಲೆ ಬಿಸಿ ರೊಟ್ಟಿ ಆರಹಾಕುತ್ತಿದ್ದರು.

ವಸ್ತು ಯಾವುದು ಎಂದು ಕೇಳಿದೆ. ನನ್ನ ಪಟ್ಟಿಯಲ್ಲಿ ಬಾಯ್ಲರ್ ಇತ್ತು, ಕೊಳವೆ ಇತ್ತು, ನೀರಿನ ಟ್ಯಾಂಕಿತ್ತು. ರೊಟ್ಟಿ ಆರಹಾಕುವ ಹಲಗೆ ಇರಲಿಲ್ಲ. ನನ್ನನ್ನು ಓದಿಸಿದವರು ಜೋಳದ ರೊಟ್ಟಿ ತಿಂದವರಲ್ಲ. ತನುಜಾ ‘ಇತರೆ’ ಎಂದು ಒತ್ತಿ, ಕೈಯಾರೆ ಬರೆದಳು: ‘ರೊಟ್ಟಿ ಆರಹಾಕುವ ಮುರುಕು, ಎರಡು. ದಿನಾಲೂ ಉಜ್ಜಿ ತೊಳೆಯುತ್ತಾರೆ.’ ನಾನು ಅಂಕ ಕೂಡಿದೆ. ನನ್ನ ಮುಖ ಕೆಂಪಾಯಿತು.

ಫಕೀರವ್ವ ಅಕ್ಷರ ಓದದಿದ್ದರೂ ಬಣ್ಣ ಓದಿದಳು. ತನುಜಾಳ ಕೈ ಹಿಡಿದು ಮೆಲ್ಲಗೆ ಹೇಳಿದಳು: ‘ಹದಿನಾಕ ಮನಿ ಒಲಿ ಇದರ ಮ್ಯಾಲ ಉರಿತಾವ. ಹಸರ ಒತ್ತಿಬಿಡ ನಮ್ಮವ್ವಾ. ಯಾರ ಬಂದ ನೋಡತಾರ?’

ನನಗೆ ಕಟ್ಟಿಯವರ ಕಾಲ ಮರಳಿ ಬಂತೇ ಎಂದು ಭಯವಾಯಿತು. ತನುಜಾಳ ಬೆರಳು ಅವಳೇ ಬರೆದ ಸಾಲಿನ ಮೇಲೆ ಹೋಗಿ, ಅಳಿಸದೆ ಹಿಂದೆ ಬಂತು. ಅವಳ ಕಣ್ಣಲ್ಲಿ ನೀರಿತ್ತು.

‘ಯಾರೂ ನೋಡೂದಿಲ್ಲ ಅವ್ವಾ. ಆದ್ರ ಆ ಪುಡಿ ಎದಿಗೆ ಎಳಕೊಳ್ಳವರು ನೀವು’ ಎಂದು ಕೆಂಪನ್ನೇ ಉಳಿಸಿದಳು.

ಅಡಿವೆಪ್ಪ ಅಂದೇ ಬಂದು ಬೀಗ ಹಾಕಿದ. ಫಕೀರವ್ವ ತನುಜಾಳ ಮುಖ ನೋಡಲಿಲ್ಲ. ‘ನಮ್ಮ ರಂಗೋಲಿ ದಾಟಿ ಬಂದು ನಮ್ಮ ಬಾಗಲಾನ ಹಾಕಿಸಿದೆಲ್ಲ’ ಎಂದಳು. ಆ ಮಾತು ನನ್ನ ಗಾಜಿಗೂ ನಾಟಿತು.

ಆದರೆ ನನ್ನೊಳಗೆ ಕಟ್ಟಿಯವರು ಎಂದೂ ತೆರೆಯದ ಒಂದು ಪುಟವಿತ್ತು: ‘ನಿರ್ವಹಣೆ’. ಅಪಾಯ ಗೊತ್ತಾದ ಮೇಲೆ ಏನು ಮಾಡಬೇಕು, ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಎಂದು ಕೇಳುವ ಪುಟ. ತನುಜಾ ಬೇವಿನ ಕೆಳಗೆ ಕೂತು ಅದನ್ನು ಪೂರ್ತಿ ತುಂಬಿದಳು, ಅಡಿವೆಪ್ಪನ ಮುಂದೆ ಹಿಡಿದಳು.

‘ಕೆಂಪಂದ್ರ ಕೆಂಪ್ರೀ’ ಎಂದ ಅಡಿವೆಪ್ಪ.

‘ಇವತ್ತಿಗೆ ಕೆಂಪು. ಇಷ್ಟೂ ಕೆಲಸ ಆದಮ್ಯಾಗ ಮತ್ತ ಸರ್ವೆ ಮಾಡಬೇಕು ಅಂತ ನಿಮ್ಮ ಟ್ರಸ್ಟ್ ನಮಗ ಕೊಟ್ಟ ಕಾಗದದಾಗನ ಐತಿ. ಹದಿನೈದು ದಿನ ಕೊಡ್ರಿ.’

ಅಡಿವೆಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದ, ತಲೆ ಕೆರೆದುಕೊಂಡು ಸಹಿ ಹಾಕಿದ.

ಈ ಕೆಲಸ ಕಲಿತ ಇಬ್ಬರು ಹುಬ್ಬಳ್ಳಿಯಿಂದ ಬಂದರು. ಮೈತುಂಬ ಬಿಳಿ ಅಂಗಿ, ಮುಖಕ್ಕೆ ಮಾಸ್ಕು. ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರು. ಮುರುಕುಗಳನ್ನು ನೆನೆಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಸಾಗಿಸಿದರು. ತೂತು ಮುಚ್ಚಿದರು, ಶೀಟಿಗೆಲ್ಲ ನಾರು ಏಳದಂತೆ ಹಿಡಿಯುವ ಬಣ್ಣ ಬಳಿದರು. ಅತ್ತ ಹೆಂಗಸರು ಸುಮ್ಮನೆ ಕೂರಲಿಲ್ಲ. ಬೇವಿನ ನೆರಳಿನಲ್ಲೇ ಒಲೆ ಹೂಡಿ ಬಡಿಯತೊಡಗಿದರು. ಗೋಡೆಯ ಮರೆಯಲ್ಲಿದ್ದ ರೊಟ್ಟಿ ರಸ್ತೆಗೆ ಕಂಡದ್ದೇ ತಡ, ಹೋಗಿಬರುವವರೆಲ್ಲ ನಿಲ್ಲತೊಡಗಿದರು. ಮೂರನೆಯ ದಿನಕ್ಕೆ ಹಿಟ್ಟು ಸಾಲಲಿಲ್ಲ. ಐದನೆಯ ದಿನ ಫಕೀರವ್ವ ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಕೆಲಸ ನೋಡಲು ಬಂದಿದ್ದ ತನುಜಾಳ ಕೈಗಿಟ್ಟಳು. ನಾನು ಉಣ್ಣುವ ಜಾತಿಯವನಲ್ಲ, ಆದರೂ ಹೊಟ್ಟೆ ತುಂಬಿತು.

ಹದಿನೈದನೆಯ ದಿನ ಮರುಸರ್ವೆ. ಎಲ್ಲ ಸರಿ ಬಂತು. ಕೊನೆಗೆ ನಾನು ಕೇಳಿದೆ: ಕೆಳಗೆ ಕೆಲಸ ಮಾಡುವವರಿಗೆ ನಿಯಮಗಳು ಗೊತ್ತಿವೆಯೇ? ಕೇಳಿಯೇ ಖಚಿತಪಡಿಸಿಕೊಳ್ಳಬೇಕು. ತನುಜಾ ಕೇಳಿದಳು. ಫಕೀರವ್ವ ಉಳಿದವರ ಕಡೆ ನೋಡಿದಳು. ಹದಿನಾಲ್ಕೂ ಮಂದಿ, ರೊಟ್ಟಿ ಬಡಿಯುವ ತಾಳಕ್ಕೆ, ಒಟ್ಟಿಗೆ ಎತ್ತಿದರು:

ತಿಕ್ಕಬ್ಯಾಡ ತಂಗೆವ್ವ, ತೂತ ಹಾಕಬ್ಯಾಡ
ಮುಕ್ಕಾದ ತುಂಡ ಮುಟ್ಟಬ್ಯಾಡ / ಬಿರುಕ ಕಂಡ್ರ
ಪಕ್ಕನ ಹೇಳ ತನುಜಾಗ

ತಾವೇ ಕಟ್ಟಿದ ಪದ! ಈ ಉತ್ತರವನ್ನು ತುಂಬಲು ನನ್ನಲ್ಲಿ ಜಾಗವೇ ಇರಲಿಲ್ಲ. ತನುಜಾ ನಗುತ್ತ ‘ಹೌದು’ ಎಂದು ಒತ್ತಿದಳು. ನಾನು ಹಳದಿಯಾದೆ. ಇರಬಹುದು, ವರ್ಷಕ್ಕೊಮ್ಮೆ ನೋಡಬೇಕು ಎಂಬುದು ಅದರ ಅರ್ಥ.

‘ಹಳದಿ ಅಂದ್ರ ಅರಿಷಿಣ. ಅದಕ್ಕಿಂತ ಮಂಗಳ ಯಾವದೈತಿ?’ ಎಂದು ಫಕೀರವ್ವ ಅಡಿವೆಪ್ಪನ ಕೈಯಿಂದ ಕೀಲಿ ಕಿತ್ತುಕೊಂಡೇ ಬಿಟ್ಟಳು.

ಮುಂದೆ ಐದು ವರ್ಷ, ವರ್ಷಕ್ಕೊಂದು ಸಲ, ನಾವು ಅಲ್ಲಿಗೆ ಹೋಗಿ ಪದ ಕೇಳಿ ಬಂದೆವು. ಅಷ್ಟರಲ್ಲಿ ನನಗೂ ವಯಸ್ಸಾಯಿತು. ಮೂಲೆಯ ಗಾಜು ಸೀಳಿತು. ಮಧ್ಯಾಹ್ನಕ್ಕೇ ಬ್ಯಾಟರಿಗೆ ಜೊಂಪು ಹತ್ತುತ್ತಿತ್ತು. ಕಂಪನಿಗೆ ಹೊಸ ಟ್ಯಾಬ್ಲೆಟ್‌ಗಳು ಬಂದವು. ಆದರೆ ಟ್ರಸ್ಟು ಕೇಂದ್ರಕ್ಕೆ ಹೊಸ ಸೂರು ಹಾಕಿಸುವ ಸುದ್ದಿ ಬಂದಾಗ ತನುಜಾ ನನ್ನನ್ನೇ ಹುಡುಕಿ ಚೀಲಕ್ಕೆ ಹಾಕಿಕೊಂಡಳು.

ಹಳೆಯ ಶೀಟುಗಳು ಒಂದೊಂದಾಗಿ ನೆನೆದು, ಇಡಿಯಾಗಿ, ಒಂದೂ ಮುರಿಯದೆ ಕೆಳಗಿಳಿದವು. ಹಸುಗೂಸಿನಂತೆ ಸುತ್ತಿಸಿಕೊಂಡು ಲಾರಿ ಹತ್ತಿದವು. ಒಳಗಿನ ಗಾಳಿಯನ್ನು ಯಂತ್ರದಿಂದ ಅಳೆದು, ಶುದ್ಧವಿದೆ ಎಂದು ಖಚಿತವಾದ ಮೇಲೆ ಹೊಸ ತಗಡು ಏರಿತು. ಈ ಕಟ್ಟಡದಲ್ಲಿ ಕಲ್ನಾರು ಎಷ್ಟು ಎಂದು ನಾನು ಕೇಳಿದೆ. ತನುಜಾ ‘ಸೊನ್ನೆ’ ಒತ್ತಿದಳು. ಜೀವಮಾನವೆಲ್ಲ ಹುಡುಕಿದ್ದು ಇಲ್ಲ ಎಂದಾಗ ಇಷ್ಟು ಸಂತೋಷವಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ನಾನು ಹುಬ್ಬಳ್ಳಿಗೆ ಮರಳಲಿಲ್ಲ. ತನುಜಾ ಕಂಪನಿಗೆ ಹೇಳಿ ನನ್ನನ್ನು ಕೇಂದ್ರಕ್ಕೇ ಕೊಡಿಸಿದಳು. ಹಿಟ್ಟಿನ ಡಬ್ಬಿಯ ಪಕ್ಕದ ಗೂಡಿನಲ್ಲಿ ಕೂತಿದ್ದೇನೆ, ಹೆಂಗಸರಿಗೆ ಹಾಡು ಹಚ್ಚುತ್ತೇನೆ. ಗುಜರಿಗೆ ಹೋದ ನನ್ನ ಒಡಹುಟ್ಟಿದವರನ್ನು ನೆನೆದಾಗ ನನ್ನ ಪುಣ್ಯ ದೊಡ್ಡದು ಎನಿಸುತ್ತದೆ. ಸಿನಿಮಾ ತೋರಿಸಿದ್ದರೆ ಯಾರನ್ನೋ ಎರಡು ಗಂಟೆ ನಗಿಸುತ್ತಿದ್ದೆ, ಅಷ್ಟೇ.

ಹೊಸ ಸೂರಿನ ಕೆಳಗೆ ಮೊದಲ ದಿನ ಫಕೀರವ್ವ ಒಲೆ ಹಚ್ಚುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಳು. ‘ಒಲಿ ಆಮ್ಯಾಗ. ಮೊದಲ ಎಲ್ಲಾರೂ ಒಮ್ಮೆ ಉಸರ ಎಳಕೋರಿ. ಎದಿ ತುಂಬ ಎಳಕೋರಿ’ ಎಂದಳು.

ಹದಿನಾಲ್ಕು ಮಂದಿ ಎದೆ ತುಂಬ ಉಸಿರೆಳೆದರು. ಬಿಡುವಾಗ ಯಾರಿಗೋ ನಗು ಬಂತು, ಆಮೇಲೆ ಎಲ್ಲರಿಗೂ ಬಂತು.