ಹರ್ಷದಾಳ ಹಿಮ್ಮಡಿ

ಹೆಂಗಸೊಬ್ಬಳ ಹಿಮ್ಮಡಿಗೂ ನೆಲಕ್ಕೂ ನಡುವೆ ಉಳಿದಿದ್ದ ಎರಡು ಬೆರಳಿನ ಅಂತರವೇ ಆ ವರ್ಷ ಹೈದರಾಬಾದಿನ ತಾರ್ನಾಕಾದಲ್ಲಿ ಒಂದು ಸಂಸಾರವನ್ನು ಕಾಡಿದ ಅತ್ಯಂತ ಗಹನವಾದ ಪ್ರಶ್ನೆಯಾಗಿತ್ತು. ಎರಡು ರಾಜ್ಯಗಳು ಒಂದು ನದಿಯನ್ನು ಹಂಚಿಕೊಳ್ಳಲೂ ಅಷ್ಟು ಸಭೆ ನಡೆಸಿರಲಿಕ್ಕಿಲ್ಲ.

ಹೆಂಗಸು ಬೀದರಿನ ಹರ್ಷದಾ, ಉಪ್ಪಲ್‌ನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಎತ್ತರ ಐದಡಿಗೆ ಒಂದಿಂಚು ಕಡಿಮೆ, ತೂಕ ನಲವತ್ತಾರು ಕಿಲೋ. ತನ್ನ ಸಂಬಳದಲ್ಲಿ ಆಸೆಪಟ್ಟು ಕೊಂಡ ಬೈಕು ಮಾತ್ರ ಅವಳಂಥ ಐವರಷ್ಟು ಭಾರ. ಓಡುವಾಗ ತೊಂದರೆಯಿರಲಿಲ್ಲ, ಓಡುವ ಬೈಕು ಯಾರ ಎತ್ತರವನ್ನೂ ಕೇಳುವುದಿಲ್ಲ. ತೊಂದರೆಯಿದ್ದದ್ದು ನಿಲ್ಲುವುದರಲ್ಲಿ. ಸಿಗ್ನಲ್ಲಿನಲ್ಲಿ ಬರೀ ತುದಿಗಾಲು ತಾಗುತ್ತಿತ್ತು. ಹಬ್ಸಿಗುಡಾದಲ್ಲಿ ಒಮ್ಮೆ ಬೈಕು ಎಡಕ್ಕೆ ವಾಲಿತು. ಹರ್ಷದಾ ಅದನ್ನು ಹಿಂಬಾಲಿಸಿದಳು.

ಅಂದಿನಿಂದ ಗಂಡ ಶರಣಕುಮಾರ ಹಿಂದೆ ಕೂರತೊಡಗಿದ. ಆರಡಿ ಆಳು. ಕೆಂಪು ದೀಪ ಬಿದ್ದೊಡನೆ ಎರಡೂ ಕಾಲು ಊರಿ, "ನಾ ಅದೀನಲ್ಲ," ಎನ್ನುತ್ತಿದ್ದ. ಅವನ ಬ್ಯಾಂಕು ಇದ್ದದ್ದು ಬೇಗಂಪೇಟೆಯಲ್ಲಿ, ಅಂದರೆ ಸರಿಯಾಗಿ ಉಲ್ಟಾ ದಿಕ್ಕಿನಲ್ಲಿ. ಹೆಂಡತಿಯನ್ನು ಉಪ್ಪಲ್‌ಗೆ ಮುಟ್ಟಿಸಿ, ಮೆಟ್ರೋ ಹತ್ತಿ, ತನ್ನ ಮನೆಯ ಸ್ಟೇಷನ್ನನ್ನೇ ಕಿಟಕಿಯಿಂದ ನೋಡುತ್ತ ಬ್ಯಾಂಕಿಗೆ ಹೋಗುತ್ತಿದ್ದ. ಸಂಜೆ ಇದೇ ಮೆರವಣಿಗೆ ಹಿಂದುಮುಂದಾಗಿ. ಇದನ್ನು ಪ್ರೀತಿ ಎನ್ನಬೇಕೋ ದಾರಿ ತಪ್ಪಿದ್ದು ಎನ್ನಬೇಕೋ ಎಂದು ನೆರೆಹೊರೆಯವರಲ್ಲಿ ಒಮ್ಮತವಿರಲಿಲ್ಲ.

ಒಂದು ದಿನ ಪಕ್ಕದ ಆಟೋದವನು ಶರಣಕುಮಾರನ ಕಾಲುಗಳನ್ನು ದಿಟ್ಟಿಸಿ, "ಮೇಡಂ, ಸ್ಟ್ಯಾಂಡು ಕಂಪೆನೀದಾ, ಬಯಟ ಪೆಟ್ಟಿಂಚಾರಾ?" ಎಂದು ಕೇಳಿದ. ಕಂಪನಿಯದೋ ಹೊರಗೆ ಹಾಕಿಸಿದ್ದೋ ಎಂಬ ಆ ವಿಚಾರಣೆಗೆ ಶರಣಕುಮಾರ ಬಿದ್ದು ಬಿದ್ದು ನಕ್ಕ. ಹರ್ಷದಾಳೂ ನಕ್ಕಳು. ಹೆಲ್ಮೆಟ್ಟಿನೊಳಗೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಗಂಡನಿಗೆ ರಜೆಯಿದ್ದು ಅವನು ಜೊತೆಗೆ ಬರದ ದಿನ ತಾನು ಬೈಕು ಬಿಟ್ಟು ಬಸ್ಸಿನಲ್ಲಿ ಹೋಗುತ್ತೇನೆಂಬುದು ಅವಳಿಗೆ ಆಗಲೇ ಹೊಳೆದದ್ದು.

ಸೀಟಿನ ಸ್ಪಂಜು ಕೊಯ್ಯಿಸಿದಳು, ಸೀಟು ಹಲಗೆಯಾಯಿತು. ದಪ್ಪ ಅಟ್ಟೆಯ ಬೂಟು ಹಾಕಿದಳು. ಗೇರ್ ಎಲ್ಲಿದೆ ಎಂಬುದೇ ಕಾಲಿಗೆ ಗೊತ್ತಾಗದಾಯಿತು. ಕೊನೆಗೆ ಒಂದು ಭಾನುವಾರ ಇಬ್ಬರೂ ಅಬಿಡ್ಸಿನ ಗಲ್ಲಿಯೊಂದರಲ್ಲಿದ್ದ ಲಿಂಗಣ್ಣನ ಗ್ಯಾರೇಜಿಗೆ ಹೋದರು. ಲಿಂಗಣ್ಣ ಜಹೀರಾಬಾದಿನವನು, ಮಾತಿನ ಮನುಷ್ಯ.

"ಹಿಂದಿನ ಹಳೇ ಸ್ಪ್ರಿಂಗ್ ತೆಗದು ಗಾಳಿ ಚೀಲ ಕೂಡಸ್ತೀನ್ರಿ ಮೇಡಂ. ಹ್ಯಾಂಡಲ್ ಮ್ಯಾಲ ಬಟನ್. ಸಿಗ್ನಲ್ ಬಂತಾ, ಒತ್ರಿ, ಗಾಳಿ ಹೋಗ್ತದ, ಬೈಕು ಒಂಟೆ ಕುಂತಂಗ ಕೂಡ್ತದ. ಹೊಂಟ್ರಾ, ಮತ್ತ ಒತ್ರಿ, ಏಳ್ತದ. ಸಿಂಗಲ್ಲಾ, ಡಬಲ್ಸಾ?"

"ಡಬಲ್ಸ್," ಎಂದ ಶರಣಕುಮಾರ. "ಅದ್ರಾಗ ಕೇಳೋದೇನದ?"

ಡಬಲ್ಸ್ ಚೀಲ ಹಾಕಿದ್ದ ಒಂದು ಬೈಕು ಅಲ್ಲೇ ನಿಂತಿತ್ತು. ಇಬ್ಬರೂ ಕೂತರು. ಬಟನ್ ಒತ್ತಿದಾಗ ಬೈಕು ಉಸ್ಸೆಂದು ಇಳಿಯಿತು, ಹರ್ಷದಾಳ ಹಿಮ್ಮಡಿ ನೆಲ ಮುಟ್ಟಿತು. "ನೋಡು! ನಾ ಹೇಳಿದ್ನಿಲ್ಲ?" ಎಂದ ಅವನು.

"ಈಗ ನೀವು ಇಳೀರಿ."

ಅವನು ಇಳಿದ. ಬೈಕು ಮೆಲ್ಲಗೆ ಮೇಲೆದ್ದಿತು, ಹಿಮ್ಮಡಿಯೂ ಎದ್ದಿತು.

"ಈ ಚೀಲದೊಳಗ ಬ್ಯಾರೆ ಒಂದು ಗಟ್ಟಿ ಸ್ಪ್ರಿಂಗ್ ಅದ ಮೇಡಂ, ಇಬ್ಬರ ಭಾರಕ್ಕ," ಎಂದ ಲಿಂಗಣ್ಣ. "ನೀವೊಬ್ರು ಅದಕ್ಕ ಲೆಕ್ಕಕ್ಕೇ ಇಲ್ಲ."

ಹರ್ಷದಾ ತುದಿಗಾಲಿನಲ್ಲೇ ಯೋಚಿಸಿದಳು. ಸೀಟು ಕೊಯ್ದವನೂ ಮೊದಲು ಕೂರಿಸಿ ನೋಡಿದ್ದು ಗಂಡನನ್ನೇ. ಶೋರೂಮಿನವನೂ ಅಷ್ಟೇ. ತಾನೊಬ್ಬಳೇ ಕೂತರೆ ಬೈಕು ಎಷ್ಟು ಇಳಿಯಬೇಕೆಂದು ಯಾರೂ ಲೆಕ್ಕ ಹಾಕಿರಲಿಲ್ಲ, ತಾನೂ ಹಾಕಿರಲಿಲ್ಲ.

"ಸಿಂಗಲ್‌ದು ತೋರಸ್ರಿ."

ಸಿಂಗಲ್ ಚೀಲದ ಇನ್ನೊಂದು ಬೈಕು ಬಟನ್ ಒತ್ತಿದಾಗ ಅವಳೊಬ್ಬಳ ಭಾರಕ್ಕೇ ಇಳಿಯಿತು. ಎರಡೂ ಪಾದ ಪೂರಾ ನೆಲದ ಮೇಲೆ.

"ಮೊದಲೇ ಹೇಳ್ತೀನಿ," ಎಂದ ಲಿಂಗಣ್ಣ. "ಇದ್ರ ಮ್ಯಾಲ ಸಾಹೇಬ್ರು ಕೂತ್ರ ಸ್ಪೀಡ್‌ಬ್ರೇಕರಿಗೊಮ್ಮೆ ತಳ ಬಡೀತದ. ಹಿಂದ ಕೂಡಂಗಿಲ್ಲ ಅಂತ ತಿಳೀರಿ."

ಶರಣಕುಮಾರ ಆ ಬೈಕಿನ ಹಿಂದಿನ ಸೀಟು ಒತ್ತಿ ನೋಡಿದ. "ನಿನ್ನ ಸಲುವಾಗೇ ಹೇಳಾಕತ್ತೀನಿ. ಬಿದ್ದಿ ಅಂದ್ರ?"

"ಏಳ್ತೀನಿ. ಹಬ್ಸಿಗುಡಾದಾಗ ಬಿದ್ದಾಗೂ ನಾನೇ ಎದ್ದೀನಿ. ನೀವು ಬ್ಯಾಂಕಿನ್ಯಾಗ ಇದ್ರಿ."

ಅವನು ತನ್ನ ಉದ್ದ ಕಾಲುಗಳನ್ನು ನೋಡಿಕೊಂಡ. ತಮಾಷೆಯೇನೂ ಇಲ್ಲದ ದನಿಯಲ್ಲಿ ಕೇಳಿದ: "ಮತ್ತ ಮುಂಜಾನೆ ನಾ ಏನ್ ಮಾಡ್ಲಿ?"

ಹರ್ಷದಾ ಇದನ್ನು ನಿರೀಕ್ಷಿಸಿರಲಿಲ್ಲ. ಈ ಮೆರವಣಿಗೆ ತನ್ನೊಬ್ಬಳಿಗಾಗಿ ಎಂದೇ ಇಷ್ಟು ದಿನ ತಿಳಿದಿದ್ದಳು.

"ಚಹಾ ಮಾಡ್ರಿ," ಎಂದಳು ಮೆತ್ತಗೆ. "ಇಬ್ಬರೂ ಕೂತು ಕುಡಿಯೂಣು. ಈಗ ನಿಂತಲ್ಲೇ ಕುಡದು ಓಡ್ತೀವಿ."

"ಅದ್ರಾಗ ಸಕ್ಕರಿ ನಾ ಹಾಕಿದಷ್ಟು?"

"ನೀವು ಹಾಕಿದಷ್ಟು."

"ಸಾಹೇಬ್ರ," ಎಂದ ಲಿಂಗಣ್ಣ ಬೋಲ್ಟು ಬಿಚ್ಚುವ ಪಾನಾ ಹಿಡಿದು, "ಸಕ್ಕರಿ ಆಮ್ಯಾಲ ಮಾತಾಡ್ರಿ. ನಾ ಯಾವ ಚೀಲ ಕೂಡಸ್ಲಿ?"

ಹಾಕಿಸಿದ್ದು ಸಿಂಗಲ್ ಚೀಲ. ಹರ್ಷದಾ ಈಗ ಉಪ್ಪಲ್‌ಗೆ ಒಬ್ಬಳೇ ಹೋಗುತ್ತಾಳೆ.