ತೊರಕೆ ಮೀನು

“ನೀನೇ ಒಂದ್ಸಲ ಮೂಸಿ ಕಾಣ್,” ಎಂದು ಚಂದ್ರಾವತಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಸೀತುವಿನ ಮುಂದೆ ಹಿಡಿದಳು.

ಡಬ್ಬಿಯಲ್ಲಿದ್ದದ್ದು ನಿನ್ನೆ ಸೀತುವೇ ಕತ್ತರಿಸಿ ಕೊಟ್ಟ ತೊರಕೆ ಮೀನಿನ ತುಂಡುಗಳು. ಬಣ್ಣ ಕೆಟ್ಟಿರಲಿಲ್ಲ. ಸೀತು ಬಗ್ಗಿ ಉಸಿರೆಳೆದುಕೊಂಡಳು. ತಣ್ಣನೆಯ ಗಾಳಿ ಒಳಗೆ ಹೋಯಿತು, ಅಷ್ಟೆ. ಪಕ್ಕದಲ್ಲಿ ಬೈಗೆ ಮೀನಿನ ರಾಶಿ ಹಾಕಿಕೊಂಡು ಕೂತಿದ್ದ ಪದ್ದು ಮಾತ್ರ ಕೂತಲ್ಲಿಂದಲೇ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ಅಬ್ಬಬ್ಬ, ಮುಚ್ಚಿ ಮಾರಾಯ್ರೆ! ಕಣ್ಣಂಗೆ ನೀರ್ ಬತ್ತ್. ಮೂಗಿದ್ದವ್ರ್ ಯಾರಾರೂ ಕೊಡು ಮೀನಾ ಇದ್?”

ಸಾಲಿನ ಹೆಂಗಸರು ನಕ್ಕರು. ಚಂದ್ರಾವತಿ ನಗಲಿಲ್ಲ. ಬೈಂದೂರು ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಮೀನೂಟದ ಹೋಟೆಲು. ಹನ್ನೊಂದು ವರ್ಷಗಳಿಂದ ಯಡ್ತರೆಯ ಈ ಮೀನು ಮಾರುವ ಶೆಡ್ಡಿಗೆ ಬಂದರೆ ಬೇರೆ ಯಾರ ಹೆಡಿಗೆಯನ್ನೂ ನೋಡದೆ ನೇರ ಸೀತುವಿನ ಮುಂದೆ ಬಂದು ನಿಲ್ಲುತ್ತಿದ್ದಳು.

“ಉಂಬುಕೆ ಕೂತವ್ರ್ ಅರ್ಧಕ್ಕೇ ಎದ್ದ್ ಹೋದ್ರ್,” ಎಂದಳು ಚಂದ್ರಾವತಿ, ದನಿ ಏರಿಸದೆ. “ಅಡಿಗೆಯ ಅಪ್ಪಿ ಹೇಳ್ತ್, ತಂದ್ ಕೂಡ್ಲೆ ಐಸಿಗೆ ಹಾಕಿದೆ ಅಂದ್ಕಂಡ್. ನೀನ್ ಕೊಡುವತ್ತಿಗೆ ಮೀನ್ ಸಮ ಇದ್ದಿದ್ರೆ ಅದ್ ಹೇಳುದ್ ಸುಳ್ಳ್. ಹಾಂಗಾರೆ ನಾಳೆಯಿಂದ ಬಪ್ಪುದ್ ಬ್ಯಾಡ ಅಂದ್ ಅದ್ಕ್ ಹೇಳ್ತೆ. ಸಮ ಇರ್ಲಿಲ್ಲ ಅಂದ್ರೆ, ನಂಗೆ ಗೊತ್ತಿದ್ದೇ ಕೊಟ್ಯಾ? ಅದೊಂದ್ ಹೇಳ್.”

ಉತ್ತರ ಸೀತುವಿನ ನಾಲಗೆಯ ತುದಿಯಲ್ಲಿತ್ತು. ನಾನು ಕೊಟ್ಟಾಗ ಚೆನ್ನಾಗಿಯೇ ಇತ್ತು, ನೀವು ಹೊರಗಿಟ್ಟಿರಿ. ಶೆಡ್ಡಿನ ಎಲ್ಲ ಹೆಂಗಸರೂ ವಾರಕ್ಕೊಮ್ಮೆಯಾದರೂ ಹೇಳುವ ಮಾತು. ಆದರೆ ಅಪ್ಪಿಯನ್ನು ಅವಳು ಬಲ್ಲಳು. ಒಲೆಯ ಮುಂದೆ ನಿಂತು ನಿಂತು ಕಾಲು ಬಾತ, ಗಂಡನಿಲ್ಲದ ಹೆಂಗಸು.

ಶೆಡ್ಡಿನ ತುದಿಯಲ್ಲಿ ಸೀತುವಿನ ತಮ್ಮ ಗೋವರ್ಧನ ಗೋಣಿ ಹೊದೆಸಿದ ಐಸನ್ನು ಮರದ ಕೊಡತಿಯಿಂದ ಕುಟ್ಟುತ್ತಿದ್ದ. ಸೀತು ಅವನ ಬೆನ್ನನ್ನು ನೋಡಿದಳು.

ಮೂರು ವರ್ಷದ ಕೆಳಗೆ ಒಂದು ಸಂಜೆ ಇಬ್ಬರೂ ತ್ರಾಸಿಯ ಕಡಲ ದಂಡೆಯಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಹೆದ್ದಾರಿಯಲ್ಲಿ ಲಾರಿಗಳು ಜಾಸ್ತಿಯೆಂದು ಗೋವರ್ಧನ ಗಟ್ಟಿ ಮರಳಿನ ಮೇಲೆ ತುಳಿಯುತ್ತಿದ್ದ. ಸೀತು ಖಾಲಿ ಹೆಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕ್ಯಾರಿಯರಿನಲ್ಲಿ ಕೂತಿದ್ದಳು. ಪ್ರವಾಸಿಗರು ಮರಳಿನಲ್ಲಿ ಓಡಿಸುವ ದಪ್ಪ ಚಕ್ರದ ಬೈಕೊಂದು ದಿಬ್ಬ ಇಳಿದು ಬಂದು ಹಿಂದಿನ ಗಾಲಿಗೆ ಹೊಡೆಯಿತು. ಗೋವರ್ಧನ ಮರಳಿನ ಮೇಲೆ ಬಿದ್ದ. ಒಂದು ಗೀರೂ ಆಗಲಿಲ್ಲ. ಸೀತು ಹಿಂದಕ್ಕೆ ಎಗರಿಬಿದ್ದಳು. ಕಡಲ್ಕೊರೆತ ತಡೆಯಲೆಂದು ಹಾಕಿದ್ದ ಕಲ್ಲಿಗೆ ತಲೆಯ ಹಿಂಭಾಗ ಬಡಿಯಿತು.

ಕುಂದಾಪುರದ ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಹಾಕಿದರು. ಗೋವರ್ಧನ ಸರಿಯಾಗಿ ಉಣ್ಣುವುದನ್ನೇ ಬಿಟ್ಟ. “ನಾನ್ ರೋಡಂಗೇ ಹೋಯ್ಕಿತ್ತ್ ಅಕ್ಕ,” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಹೊಲಿಗೆ ಬಿಚ್ಚಿದ ದಿನ “ಎಲ್ಲ ಸಮ ಆಯ್ತ್ ಕಾಣ್” ಎಂದು ಸೀತು ಹೇಳಿದ ಮೇಲೆ ಎದುರು ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ತನ್ನ ಬಟ್ಟಲಿನ ಮೀನು ಸಾರಿನಲ್ಲಿ ಉಪ್ಪು, ಖಾರ ಬಿಟ್ಟರೆ ಮತ್ತೇನೂ ಇಲ್ಲವೆಂದು ಅವಳಿಗೆ ತಿಳಿದದ್ದೂ ಅದೇ ಊಟದಲ್ಲಿ. ಅವಳು ಬಾಯಿ ಬಿಡಲಿಲ್ಲ. ಒಬ್ಬಳೇ ಹೋಗಿ ಕೇಳಿದಾಗ, ತಲೆಗೆ ಬಿದ್ದ ಪೆಟ್ಟಿನಿಂದ ವಾಸನೆಯ ನರದ ಎಳೆಗಳು ಹರಿದಿವೆ, ಬಂದರೆ ವರ್ಷದೊಳಗೆ ಬರಬಹುದು ಎಂದು ಡಾಕ್ಟರು ಹೇಳಿದ್ದರು.

ಬರಲಿಲ್ಲ. ಕಣ್ಣಿನ ಹೊಳಪು, ಕಿವಿರಿನ ಕೆಂಪು, ಬೆರಳೊತ್ತಿದರೆ ಮೇಲೇಳುವ ಮಾಂಸ, ಇವುಗಳಿಂದಲೇ ಅವಳು ವ್ಯಾಪಾರ ಸಾಗಿಸಿದಳು. ತೊರಕೆ ಮಾತ್ರ ಅದಕ್ಕೆ ಬಗ್ಗದ ಮೀನು. ನೋಡಲು ನಿನ್ನೆಯಂತೆಯೇ ಇರುತ್ತದೆ; ಕೆಟ್ಟದ್ದು ಮೂಗಿಗಷ್ಟೇ ಗೊತ್ತಾಗುವುದು. ಮೂರು ವರ್ಷ ಅದನ್ನು ಹೆಡಿಗೆಗೆ ಸೇರಿಸಿರಲಿಲ್ಲ. ನಿನ್ನೆ ಚಂದ್ರಾವತಿ, ಯಾರೋ ಮುಂಬೈಯವರು ಆಸೆಪಟ್ಟು ಕೇಳಿದ್ದಾರೆ, ಇಲ್ಲ ಅನ್ನಬೇಡ ಎಂದು ಜುಲುಮೆ ಮಾಡಿದ್ದಳು.

“ಎಂತ, ಹೇಳ್,” ಎಂದಳು ಚಂದ್ರಾವತಿ.

“ಅಪ್ಪಿಯನ್ನ ಬಿಡ್ಸ್ಬೇಡಿ ಅಮ್ಮ,” ಎಂದಳು ಸೀತು. “ಅದ್ರದ್ದ್ ತಪ್ಪಿಲ್ಲ. ಮೀನ್ ನಿನ್ನೆಯೇ ಹಾಳಾಯಿದ್ದಿರ್ಕ್. ನಂಗೆ ಗೊತ್ತಾಯ್ಲ. ನಂಗೆ ವಾಸ್ನಿ ಬತ್ತಿಲ್ಲ.”

“ಶೀತವಾ?”

“ಶೀತ ಅಲ್ಲ. ತಲಿಗೆ ಪೆಟ್ಟ್ ಬಿತ್ತಲೆ, ಅವತ್ತಿಂದ. ಮಲ್ಲಿಗಿ ಹೂಗೂ ಇಲ್ಲ, ಸೀಮೆಎಣ್ಣಿಗೂ ಇಲ್ಲ.”

ಪದ್ದು ಸೆರಗನ್ನು ಮೂಗಿನಿಂದ ತೆಗೆದಳು. ಬೈಗೆಯ ಮೇಲೆ ಸುಮ್ಮನೆ ನೀರು ಚಿಮುಕಿಸಿದಳು. ಸೀತುವಿನ ಬಂಗಡೆಯನ್ನು ಕೈಗೆತ್ತಿಕೊಂಡಿದ್ದ ಗಿರಾಕಿಯೊಬ್ಬ ಅದನ್ನು ಮೆಲ್ಲಗೆ ಕೆಳಗಿಟ್ಟು ಮುಂದಿನ ಸಾಲಿಗೆ ನಡೆದ.

“ಮೂರ್ ವರ್ಷವಾ!” ಎಂದಳು ಚಂದ್ರಾವತಿ. “ಒಂದ್ ಮಾತ್ ಹೇಳುಕಾಗ್ದಾ ಮಾರಾಯ್ತಿ?”

ಸೀತು ತಲೆಯೆತ್ತಿದಳು. ಗೋವರ್ಧನ ಐಸಿನ ಬುಟ್ಟಿ ಹಿಡಿದು ಚಂದ್ರಾವತಿಯ ಹಿಂದೆಯೇ ನಿಂತಿದ್ದ. ಎಷ್ಟು ಹೊತ್ತಿಗೆ ಬಂದನೋ. ಬುಟ್ಟಿಯ ತಳದಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

“ಸಮ ಆಯ್ತ್ ಅಂದಿದ್ಯಲೆ ಅಕ್ಕ,” ಎಂದ.

“ತಲೆ ಸಮ ಆಯ್ತಲ ಮಾರಾಯ. ಮೂಗ್ ಒಂದ್ ಅಲ್ದಾ.”

“ಮನೆಯಂಗೆ ಸಾರ್ ಹ್ಯಾಂಗಿತ್ತ್ ಅಂದ್ ದಿನಾ ನನ್ನತ್ರ ಕೇಳುದ್...”

“ಗೊತ್ತಾಪ್ದಿಲ್ಲ, ಅದ್ಕೇ ಕೇಂತೆ.”

ಅವನು ಐಸನ್ನು ಅವಳ ಹೆಡಿಗೆಗೆ ಸುರಿದ. ಆಚೆ ತುದಿಯಿಂದ ಯಾರೋ “ಹ್ವಾಯ್, ಇಲ್ಲಿಗೂ ಐಸ್ ಬೇಕ್” ಎಂದು ಕೂಗಿದರು. ಅವನು ತಿರುಗಲಿಲ್ಲ. ಚಂದ್ರಾವತಿ ಡಬ್ಬಿಯ ತೊರಕೆಯನ್ನು ಕಸದ ತೊಟ್ಟಿಗೆ ಚೆಲ್ಲಿ, ನಲ್ಲಿಯಲ್ಲಿ ಡಬ್ಬಿ ತೊಳೆದುಕೊಂಡು ವಾಪಸು ಬಂದಳು.

“ಇಪ್ಪತ್ತ್ ಬಂಗ್ಡಿ ಹಾಕ್,” ಎಂದಳು.

ಸೀತು ಕೈ ಚಾಚುವ ಮೊದಲೇ ಗೋವರ್ಧನ ಕುಕ್ಕರಗಾಲಲ್ಲಿ ಕೂತ. ಹೆಡಿಗೆಯಿಂದ ಒಂದು ಬಂಗಡೆ ತೆಗೆದು ಮೂಗಿನ ಹತ್ತಿರ ಹಿಡಿದ, ಡಬ್ಬಿಗೆ ಹಾಕಿದ. ಇನ್ನೊಂದು ತೆಗೆದ.

“ಬಂಗ್ಡಿ ನಂಗೇ ಗೊತ್ತಾತ್ತ್ ಮಾರಾಯ,” ಎಂದಳು ಸೀತು. “ಎಲ್ಲ ಮೂಸುದ್ ಬ್ಯಾಡ.”

ಅವನು ಮೂರನೆಯದನ್ನು ಎತ್ತಿಕೊಂಡು ಕಣ್ಣು ಮುಚ್ಚಿದ. ಐಸಿನ ನೀರು ಮುಂಗೈಯಿಂದ ಮೊಣಕೈಗೆ, ಮೊಣಕೈಯಿಂದ ನೆಲಕ್ಕೆ ಇಳಿಯುತ್ತಿತ್ತು.