ಮಹಡಿ ಮನೆಯಲ್ಲಿ ಶೂಟಿಂಗ್

ಮೇಲಿನ ಮಹಡಿಯಲ್ಲಿ ಮತ್ತೆ ಏನೋ ದಡಬಡ ಸದ್ದಾಯಿತು. ಅಡುಗೆಮನೆಯಲ್ಲಿದ್ದ ಸೊಸೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಮೆಟ್ಟಿಲ ಕಡೆ ನೋಡಿದಳು. ಬೆಳಗಿನಿಂದ ಇದೇ ಕಥೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಮೇಲಿನ ಒಂದು ಕೋಣೆಯನ್ನೂ ಪುಟ್ಟ ಅಡುಗೆಮನೆಯನ್ನೂ ಮೊಬೈಲ್ ಆ್ಯಪ್ ಮೂಲಕ ಒಂದೆರಡು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದರು. ಅಲ್ಲಿ ಗೋಡೆಯ ಮೇಲೆ ಅತ್ತೆಯ ದೊಡ್ಡ ಫೋಟೊ ಇತ್ತು. ತೂಗುಹಾಕಿಸಿದ್ದೂ ಅತ್ತೆಯೇ. "ಬಂದವರಿಗೆ ಲಾಡ್ಜ್ ಥರ ಕಾಣಬಾರ್ದು, ಮನೆ ಅನ್ನಿಸ್ಬೇಕು" ಎಂದಿದ್ದರು.

ಈ ಸಲ ಬುಕ್ ಮಾಡಿದವರು 'ಇಬ್ಬರು' ಎಂದಿದ್ದರು. ಬಂದಿದ್ದು ಒಂದು ವ್ಯಾನ್ ತುಂಬ ಜನ. ದೊಡ್ಡ ದೀಪಗಳು, ಸುರುಳಿ ಸುರುಳಿ ವೈರುಗಳು.

"ರೀ, ಒಂದು ಸಲ ಹೋಗಿ ಕೇಳ್ಬಾರ್ದಾ?"

ಗಂಡ ಬೂಟಿನ ಲೇಸು ಬಿಗಿಯುತ್ತ ಹೇಳಿದ: "ಬಾಡಿಗೆ ಕೊಟ್ಟಾಯ್ತು. ಇವತ್ತು, ನಾಳೆ ಅದು ಅವರ ಮನೆ. ವಿಡಿಯೋ ತೆಗೀಲಿ, ಕುಣೀಲಿ, ನಮಗೇನು? ನಾವು ಮೂಗು ತೂರಿಸಿ, ಅವರು ಆ್ಯಪ್‌ನಲ್ಲಿ ಕೆಟ್ಟದಾಗಿ ಬರೆದ್ರೆ ಆಮೇಲೆ ಯಾರು ಬರ್ತಾರೆ?"

"ಅವನು ಹೇಳೋದೂ ಸರಿ ಕಣಮ್ಮ. ಬಂದವರ ಹತ್ರ ಯಾಕೆ ಜಗಳ?" ಎಂದರು ಅತ್ತೆ.

ಅಷ್ಟರಲ್ಲಿ ಪಕ್ಕದ ಬೇಕರಿ ಅಕ್ಕ ಕೈಗಂಟಿದ ಮೈದಾ ಕೊಡವುತ್ತ ಬಂದಳು. ಬೇಕರಿಯ ಮೇಲಿನ ಎರಡು ಕೋಣೆಗಳನ್ನು ಅವಳೂ ಹೀಗೆಯೇ ಬಾಡಿಗೆಗೆ ಕೊಡುತ್ತಿದ್ದಳು.

"ಏನೇ ಇದು, ನಿಮ್ಮ ಮನೆ ಮುಂದಿನ ವ್ಯಾನಿಂದ ನನ್ನ ಬ್ರೆಡ್ಡಿನ ಗಾಡಿ ಬೀದಿಯಲ್ಲೇ ನಿಂತಿದೆ. ಮೇಲೆ ಶೂಟಿಂಗ್ ಅಂತೆ? ನಿನ್ನ ಕೇಳಿದ್ರಾ?"

"ಇಲ್ಲ ಅಕ್ಕ. ಇವರು ನೋಡಿದ್ರೆ ಬಾಡಿಗೆ ಕೊಟ್ಟ ಮೇಲೆ ಕೇಳೋ ಹಾಗಿಲ್ಲ ಅಂತಾರೆ."

"ಯಾಕೆ ಕೇಳೋ ಹಾಗಿಲ್ಲ? ಬಂದವರು ನೆನಪಿಗೆ ನಾಲ್ಕು ಫೋಟೊ ತೆಗೆದ್ರೆ ಯಾರೂ ಬೇಡ ಅನ್ನಲ್ಲ. ಇದು ವ್ಯಾಪಾರ. ನೀನು ಕೊಟ್ಟಿದ್ದು ಇರೋಕೆ, ಸ್ಟುಡಿಯೋ ಮಾಡ್ಕೊಳೋಕಲ್ಲ. ಅದಕ್ಕೆ ನಿನ್ನ ಒಪ್ಪಿಗೆ ಬೇರೆ ಬೇಕು. ಹಾಗಂತ ಆ್ಯಪ್‌ನಲ್ಲಿ ಬರೆದಿದೀಯ ತಾನೆ?"

ಸೊಸೆ ತಲೆ ತಗ್ಗಿಸಿದಳು. ಬರೆದಿರಲಿಲ್ಲ.

ಆಗ ಮೆಟ್ಟಿಲಿಳಿದು ಒಬ್ಬ ಹೆಂಗಸು ಬಂದಳು. ಕೊರಳಲ್ಲಿ ಹೆಡ್‌ಫೋನ್. "ಆಂಟಿ, ಸ್ವಲ್ಪ ಮಸಿ ಸಿಗುತ್ತಾ? ಗೋಡೆಗೆ ಎಣ್ಣೆ ಬಳಿದ್ವಿ. ಆದ್ರೂ ಸಾಕಷ್ಟು ಕೊಳಕಾಗಿ ಕಾಣ್ತಿಲ್ಲ."

"ಎಣ್ಣೆನಾ!" ಎಂದಳು ಸೊಸೆ. ಆ ಅಡುಗೆಮನೆಯನ್ನು ನಿನ್ನೆ ತಾನೇ ತಿಕ್ಕಿ ತೊಳೆದಿದ್ದಳು.

"ಕ್ಲೀನಿಂಗ್ ಲಿಕ್ವಿಡ್ ಜಾಹೀರಾತು. ಮೊದಲು ಗಲೀಜು ಮನೆ, ಆಮೇಲೆ ಪಳಪಳ ಮನೆ. ಆ ಅಜ್ಜಿ ಫೋಟೊ ಇದೆಯಲ್ಲ, ಗಲೀಜು ಮನೆಯ ಯಜಮಾನಿ ಥರ ಏನು ಚೆನ್ನಾಗಿ ಕೂತಿದೆ ಗೊತ್ತಾ?"

ಮಂಡಿನೋವೆಂದು ಬೆಳಗಿನಿಂದ ಕುರ್ಚಿ ಬಿಟ್ಟು ಏಳದಿದ್ದ ಅತ್ತೆ ಎದ್ದೇ ನಿಂತರು. "ಯಾರಮ್ಮಾ ಗಲೀಜು? ನಾನಾ?"

ಆ ಹೆಂಗಸು ಅವರ ಮುಖ ನೋಡಿದಳು. ಫೋಟೊದಲ್ಲಿದ್ದದ್ದು ಅದೇ ಮುಖ.

ಗಂಡ ಮೊಳೆಗೆ ತೂಗುಹಾಕಿದ್ದ ಮೇಲಿನ ಕೋಣೆಯ ಇನ್ನೊಂದು ಬೀಗದ ಕೈ ಕಿತ್ತುಕೊಂಡು ಮೆಟ್ಟಿಲೇರಹೊರಟ. "ಎಲ್ಲಾನೂ ಹೊರಗೆ ಎಸೀತೀನಿ!"

ಅಕ್ಕ ಅಡ್ಡ ನಿಂತಳು. "ಆಗ ಕೇಳೋ ಹಾಗೂ ಇಲ್ಲ ಅಂದೆಯಂತೆ, ಈಗ ನುಗ್ತೀಯಾ? ಬೀಗದ ಕೈ ನಮ್ಮ ಹತ್ರ ಇದೆ ಅಂತ ನುಗ್ಗೋ ಹಾಗಿಲ್ಲಪ್ಪ. ಬಾಗಿಲು ತಟ್ಟು. ಮಾತಾಡು. ಅವರ ಕ್ಯಾಮೆರಾಗೆ ಕೈ ಹಾಕ್ಬೇಡ, ತಪ್ಪು ನಮ್ಮ ತಲೆಗೆ ಬರುತ್ತೆ."

ಮೂವರೂ ಮೇಲೆ ಹೋಗಿ ಬಾಗಿಲು ತಟ್ಟಿದರು. ಕೋಣೆ ಬುಕ್ ಮಾಡಿದ್ದ ನಿರ್ದೇಶಕ ಹೊರಗೆ ಬಂದ. ಹಿಂದೆ ಗೋಡೆಯಿಂದ ಕಪ್ಪು ಎಣ್ಣೆ ಇಳಿಯುತ್ತಿತ್ತು.

"ಶೂಟಿಂಗ್ ಮಾಡ್ಬಾರ್ದು ಅಂತ ನೀವು ಎಲ್ಲೂ ಬರೆದಿಲ್ವಲ್ಲ?" ಎಂದ.

ಅಕ್ಕ ಬಾಯಿ ತೆರೆಯುವ ಮೊದಲೇ ಸೊಸೆ ಮಾತಾಡಿದಳು. "ಬರೆದಿಲ್ಲ, ನಿಜ. ಮಾಡ್ತೀವಿ ಅಂತ ನೀವೂ ಹೇಳ್ಲಿಲ್ಲ. ಇಬ್ಬರು ಇರೋಕೆ ಬರ್ತೀವಿ ಅಂದ್ರಿ. ಇರೋಕೆ ಕೊಟ್ಟೆ. ಗೋಡೆಗೆ ಎಣ್ಣೆ ಬಳಿಯೋಕಲ್ಲ. ನಮ್ಮತ್ತೆ ಮುಖ ಊರಿಗೆಲ್ಲ ತೋರಿಸೋಕಂತೂ ಅಲ್ಲವೇ ಅಲ್ಲ."

"ನಾನು ಕೆಟ್ಟ ರಿವ್ಯೂ ಬರೀತೀನಿ."

"ಬರೀರಿ. ನಾನೂ ಆ್ಯಪ್‌ನವರಿಗೆ ದೂರು ಬರೀತೀನಿ, ಎಣ್ಣೆ ಬಳಿದ ಗೋಡೆ ಫೋಟೊ ಸಮೇತ." ಬಾಗಿಲಲ್ಲೇ ನಿಂತು ಆ ಗೋಡೆಯನ್ನು ಫೋನಿನಲ್ಲಿ ಸೆರೆಹಿಡಿದಳು.

ಆತ ಸ್ವಲ್ಪ ಹೊತ್ತು ಗೊಣಗಿದ. ಹೆಚ್ಚಿಗೆ ಕೊಡುತ್ತೇನೆ ಎಂದೂ ನೋಡಿದ. "ನನ್ನ ಮುಖಕ್ಕೆ ರೇಟ್ ಕಟ್ತೀಯೇನಪ್ಪಾ?" ಎಂದು ಕೆಳಗಿನಿಂದಲೇ ಅತ್ತೆ ಕೂಗಿದಾಗ, ಎಲ್ಲ ಕಟ್ಟಿಡಿ ಎಂದು ತಂಡದವರಿಗೆ ಹೇಳಿದ. ದೀಪಗಳು ಆರಿದವು. ಗೋಡೆ ತೊಳೆದುಕೊಟ್ಟರು. ಫೋಟೊ ಇರುವ, ಮನೆಯ ಗುರುತು ಸಿಗುವ ಯಾವ ದೃಶ್ಯವನ್ನೂ ಬಳಸುವುದಿಲ್ಲ ಎಂದು ನಿರ್ದೇಶಕ ಆ್ಯಪ್‌ನಲ್ಲೇ ಬರೆದುಕೊಟ್ಟ.

ಅಷ್ಟಕ್ಕೇ ಮುಗಿಯಲಿಲ್ಲ. ತಂಡದವರಲ್ಲಿ ಯಾರೋ ಅತ್ತೆಯ ಫೋಟೊ ಕಾಣುವ ಒಂದು ವಿಡಿಯೋ ತುಣುಕನ್ನು ಆಗಲೇ ಇಂಟರ್ನೆಟ್‌ನಲ್ಲಿ ಹರಿಬಿಟ್ಟಿದ್ದರು. ಕನ್ನಡಕದ ಅಂಗಡಿಗೆ ಬಂದ ಗಿರಾಕಿಯೊಬ್ಬರು, "ನಿಮ್ಮನೆ ವಿಡಿಯೋ ನೋಡಿದೆ, ನಿಮ್ಮತ್ತೆ ಫೋಟೊ ಇತ್ತಲ್ಲ. ಅಯ್ಯೋ, ಒಳಗೆ ಹಾಗಿದೆಯಾ?" ಎಂದರು. ಸೊಸೆಗೆ ನಿದ್ದೆ ಹತ್ತಲಿಲ್ಲ. ಘಳಿಗೆಗೊಮ್ಮೆ ಫೋನ್ ನೋಡುವಳು. ಗಿರಾಕಿಗೆ ಒಂದು ಗಾಜು ತೋರಿಸಲು ಹೋಗಿ ಇನ್ನೊಂದು ತೋರಿಸುವಳು. ಆದರೂ ಬಿಡಲಿಲ್ಲ. ವಿಡಿಯೋ ಹಾಕಿದ ಜಾಗದಲ್ಲೇ ದೂರು ಕೊಟ್ಟಳು. ನಿರ್ದೇಶಕ ಬರೆದುಕೊಟ್ಟಿದ್ದನ್ನು ತೋರಿಸಿ ಜಾಹೀರಾತಿನ ಕಂಪನಿಗೂ ಬರೆದಳು. ಕೊನೆಗೆ ಒಂದು ಮಧ್ಯಾಹ್ನ ನೋಡಿದರೆ ಆ ತುಣುಕು ಇರಲಿಲ್ಲ. ಅವಳು ಅಂಗಡಿಯ ಹಿಂಬಾಗಿಲಲ್ಲಿ ನಿಂತು ಅತ್ತಳು, ಆಮೇಲೆ ನಕ್ಕಳು.

ಆ ಸಂಜೆ ಗಂಡನೇ ಪಕ್ಕದಲ್ಲಿ ಕೂತ. "ನಾನು ಹೆದರಿ ಸುಮ್ನಿರು ಅಂದೆ. ನೀನು ಸುಮ್ನಿದ್ದಿದ್ರೆ ಅಮ್ಮನ ಮುಖ ಇನ್ನೂ ಅಲ್ಲಿರ್ತಿತ್ತು. ಆ್ಯಪ್‌ನಲ್ಲಿ ಏನು ಬರೀಬೇಕು ಹೇಳು, ನಾನೇ ಟೈಪ್ ಮಾಡ್ತೀನಿ." ಕೇಳದೆ ವ್ಯಾಪಾರಕ್ಕೆ ಚಿತ್ರೀಕರಣ ಇಲ್ಲ, ಹೇಳಿದ್ದಕ್ಕಿಂತ ಹೆಚ್ಚು ಜನ ಇಲ್ಲ ಎಂದು ಬರೆದರು. "ಮೊದಲೇ ಕೇಳಿದವರಿಗೆ ಶೂಟಿಂಗಿಗೆ ಕೊಡೋಣ್ವಾ?" ಎಂದ. "ಕೊಡೋಣ. ಯಾವುದಕ್ಕೆ, ಎಷ್ಟು ಜನ, ಎಷ್ಟು ಹೊತ್ತು, ಮನೆ ಕೆಟ್ಟರೆ ಯಾರು ಸರಿಮಾಡೋದು, ಎಲ್ಲಾ ಮೊದಲೇ ಬರೆಸ್ಕೊಂಡು" ಎಂದಳು ಸೊಸೆ.

"ಮೊದಲು ನನ್ನ ಫೋಟೊ ಇಳಿಸಿ, ಕೊಡೋದು ಆಮೇಲೆ" ಎಂದರು ಅತ್ತೆ.

ನೀವೂ ನಿಮ್ಮ ಕೋಣೆಯನ್ನು ಹೀಗೆ ಬಾಡಿಗೆಗೆ ಕೊಡುತ್ತಿದ್ದೀರಾ? ಹಾಗಿದ್ದರೆ ಇವತ್ತೇ ಫೋನ್ ತೆಗೆದು ನಿಮ್ಮ ಮನೆಯ ನಿಯಮಗಳನ್ನು ಓದಿ. ಚಿತ್ರೀಕರಣದ ಮಾತು ಅಲ್ಲಿಲ್ಲದಿದ್ದರೆ ಸೇರಿಸಿ. ಅತಿಥಿ ಬರುವ ಮೊದಲು ಕೋಣೆಯ ಫೋಟೊ ತೆಗೆದಿಡಿ. ಕಾನೂನು ಊರಿಂದೂರಿಗೆ ಬೇರೆ ಇರಬಹುದು, ನಿಮ್ಮ ಊರಿನದನ್ನು ವಕೀಲರ ಹತ್ತಿರವೋ ಬಾಡಿಗೆ ಕೊಡುವವರ ಸಂಘದಲ್ಲೋ ಕೇಳಿ ತಿಳಿದುಕೊಳ್ಳಿ. ತೊಂದರೆಯಾದರೆ ಕೂಗಾಡಬೇಡಿ, ನುಗ್ಗಬೇಡಿ, ಸುಮ್ಮನೂ ಇರಬೇಡಿ. ಬಾಗಿಲು ತಟ್ಟಿ, ಕೇಳಿ. ಮನೆ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.